ಅಂಚು ಮಸೆದ ಗಾಜು

"ಈ ಮಂಚ ನಡೀತಾ ಇದೆ," ಎಂದರು ಗೋಡೆ ಡಾಕ್ಟರ್.

ನಾನು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ಅವರು ಅಪ್ಪನ ಮಂಚದ ಬುಡದಲ್ಲಿ ಮಂಡಿಯೂರಿ, ಹಗಲು ಹನ್ನೊಂದು ಗಂಟೆಗೆ ಟಾರ್ಚ್ ಹಾಕಿಕೊಂಡು ಮಂಚದಡಿಯ ನೆಲ ನೋಡುತ್ತಿದ್ದರು. ಅಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದರು. ಬಲಗಣ್ಣಿನ ಆಪರೇಷನ್ ಆಗಿ ಹತ್ತು ದಿನವಾಗಿತ್ತು, ಅದರ ಮೇಲೆ ಬ್ಯಾಂಡೇಜಿತ್ತು. ಎಡಗಣ್ಣಿನ ಸರದಿ ಇನ್ನೂ ಬಂದಿಲ್ಲ. ಅದಕ್ಕೆ ಕಾಣುವುದು ಬೆಳಕು ಮತ್ತು ನೆರಳು ಮಾತ್ರ.

"ನಡೆಯೋ ಮಂಚ ಆದ್ರೆ ನನ್ನನ್ನ ರಸ್ತೆ ತುದಿ ತನಕ ಒಂದು ಸುತ್ತು ಕರ್ಕೊಂಡು ಹೋಗಲಿ ಸಾರ್. ಮಲಗಿ ಮಲಗಿ ಬೆನ್ನು ಹಲಗೆ ಆಗಿದೆ," ಎಂದರು ಅಪ್ಪ.

ಗೋಡೆ ಡಾಕ್ಟರ್ ನಗಲಿಲ್ಲ. "ಬಾಮ್ಮ ಇಲ್ಲಿ. ನೀನೇ ನೋಡು."

ನೋಡುವ ಅಗತ್ಯ ನನಗಿರಲಿಲ್ಲ. ಆದರೂ ಬಗ್ಗಿದೆ. ಕೆಂಪು ನೆಲದ ಮೇಲೆ ಮಂಚದ ಕಾಲು ಉಜ್ಜಿದ ಬಿಳಿ ಗೀರುಗಳು. ಒಂದರಿಂದ ಇನ್ನೊಂದಕ್ಕೆ ನಾಲ್ಕು ಬೆರಳು ಅಂತರ. ಒಟ್ಟು ಐದು.

"ಇಪ್ಪತ್ತನೇ ದಿನ ನಾನು ಬಂದಾಗ ಈ ಮಂಚ ಗೋಡೆಗೆ ಅಂಟಿಕೊಂಡಿತ್ತು. ಇವತ್ತು ಇಪ್ಪತ್ತೇಳನೇ ದಿನ. ಒಂದಡಿಗಿಂತ ಹೆಚ್ಚು ಈಚೆ ಬಂದಿದೆ. ಯಾರು ಎಳೀತಿದಾರೆ?"

"ಕಸ ಗುಡಿಸೋವಾಗ ನಾನೇ ಎಳೀತೀನಿ ಸಾರ್."

"ಗುಡಿಸಿದ ಮೇಲೆ ವಾಪಸ್ ತಳ್ಳಲ್ವಾ?"

ನಾನು ಲೋಟವನ್ನು ಮುಂದೆ ಚಾಚಿದೆ. "ಟೀ ಆರುತ್ತೆ ಸಾರ್."

ಅವರು ಟೀ ತೆಗೆದುಕೊಂಡು ನನ್ನ ಮುಖವನ್ನೇ ನೋಡಿದರು. ನನ್ನ ಮುಖ ನೋಡುವವರು ಕಡಿಮೆ. ಎಲ್ಲರೂ ಮಾತಾಡುವಾಗ ನಾನು ಗೋಡೆಯ ಬಣ್ಣವಾಗಿ ನಿಂತಿರುತ್ತೇನೆ. ಇವರ ಕಸುಬೇ ಗೋಡೆ ನೋಡುವುದು ಎಂಬುದನ್ನು ಮರೆತಿದ್ದೆ.

ಆರು ತಿಂಗಳ ಹಿಂದೆ ಪಕ್ಕದ ಮನೆಯ ಲಾಂಡ್ರಿ ದೊಡ್ಡಮ್ಮ ಹೊಸ ಮೆಷಿನ್ ತರಿಸಿ, ಅದಕ್ಕೆ ನೀರು ತುಂಬಿಡಲು ನಮ್ಮ ಗೋಡೆಗೆ ಒತ್ತಿಕೊಂಡೇ ನೆಲದೊಳಗೆ ತೊಟ್ಟಿ ತೋಡಿಸಿದರು. ಆಮೇಲೆ ಅಪ್ಪನ ಕೋಣೆಯ ಗೋಡೆ ಮೇಲಿಂದ ಕೆಳಗೆ ಓರೆಯಾಗಿ ಸೀಳಿತು.

ತೊಟ್ಟಿಯಿಂದಲೇ ಆಯಿತು ಎಂದ ಅಣ್ಣ. ಸೀಳು ಹಳೆಯದು, ಈಗ ಕಣ್ಣಿಗೆ ಬಿದ್ದಿದೆ ಎಂದರು ದೊಡ್ಡಮ್ಮ. ಜಗಳ ಬೀದಿಗೆ ಹೋಗುವ ಮೊದಲೇ ಎರಡೂ ಮನೆಯವರು ಸೇರಿ ಗೋಡೆ ಡಾಕ್ಟರನ್ನು ಕರೆಸಿದರು. ಅವರು ಕಟ್ಟಡದ ಎಂಜಿನಿಯರಾಗಿ ನಿವೃತ್ತರಾದವರು. ಗೋಡೆಗೆ ಕಿವಿ ಕೊಟ್ಟು, ಬೆರಳ ಗಂಟಿನಿಂದ ತಟ್ಟಿ ನೋಡುವುದರಿಂದ ಆ ಹೆಸರು. ಅವರು ಹೇಳಿದ್ದಕ್ಕೆ ಒಪ್ಪುತ್ತೇವೆಂದು ಎರಡೂ ಮನೆಯವರು ಕಾಗದಕ್ಕೆ ಸಹಿ ಹಾಕಿದ್ದರು.

ಅವರು ಮಾಡಿದ್ದು ಸಣ್ಣ ಕೆಲಸ. ಬೆರಳಗಲದ ಎರಡು ಗಾಜಿನ ಪಟ್ಟಿಗಳನ್ನು ಸೀಳಿನ ಮೇಲೆ ಅಡ್ಡಡ್ಡ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದರು. ಒಂದು ಪಟ್ಟಿ ಮೇಲೆ, ಎತ್ತರದವರು ಕೈ ಎತ್ತಿದರೆ ಸಿಗುವಲ್ಲಿ. ಇನ್ನೊಂದು ಕೆಳಗೆ, ಮಂಚದ ಮರೆಯಲ್ಲಿ. "ಗಾಜು ಬಾಗಲ್ಲ, ಜಗ್ಗಲ್ಲ. ಗೋಡೆ ಕೂದಲೆಳೆ ಅಲ್ಲಾಡಿದ್ರೂ ಒಡೆಯುತ್ತೆ," ಎಂದಿದ್ದರು. ಮೂವತ್ತು ದಿನ ಗಾಜು ಉಳಿದರೆ ಸೀಳು ಹಳೆಯದು, ಗಾರೆ ಬಳಿದು ಮುಗಿಸಬಹುದು. ಒಡೆದರೆ ಗೋಡೆ ಕುಸಿಯುತ್ತಿದೆ ಎಂದರ್ಥ. ಆಗ ತೊಟ್ಟಿ ಮುಚ್ಚಬೇಕು, ಮೆಷಿನ್ ನಿಲ್ಲಿಸಬೇಕು, ಗೋಡೆಯನ್ನು ದೊಡ್ಡಮ್ಮ ಕಟ್ಟಿಸಿಕೊಡಬೇಕು.

ಮೆಷಿನ್ ನಿಂತರೆ ಲಾಂಡ್ರಿಯೇ ನಿಲ್ಲುತ್ತದೆ. ಅಲ್ಲಿ ಆರು ಜನ ಹೆಂಗಸರು ಕೆಲಸ ಮಾಡುತ್ತೇವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಅಪ್ಪನ ಅಂಗಡಿಯೂ ಮುಚ್ಚಿದ ಮೇಲೆ ಮೂಲೆ ಹಿಡಿದು ಕೂತಿದ್ದ ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟವರು ದೊಡ್ಡಮ್ಮ. ಕಾಲರಿನಿಂದ ಶುರು ಮಾಡು, ತೋಳಿಗೆ ಬಾ, ಬೆನ್ನು ಕೊನೆಗೆ ಎಂದು ಹೇಳಿಕೊಟ್ಟವರು. ಗಿರಾಕಿಗಳು ಬಂದಾಗ ನಾನು ಬಟ್ಟೆ ರಾಶಿಯ ಹಿಂದೆ ಅಡಗಿದರೆ, "ಅವಳ ಕೈ ಮಾತಾಡುತ್ತೆ, ಬಾಯಿ ಯಾಕೆ?" ಎಂದು ನನ್ನ ಪರವಾಗಿ ಹೇಳಿದವರು.

ಹೋದ ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಂದವಳು ಮಂಚದಡಿ ಗುಡಿಸುವಾಗ ನೋಡಿದೆ. ಕೆಳಗಿನ ಪಟ್ಟಿ ನಡುವೆ ಒಡೆದಿತ್ತು.

ಎದ್ದು ಮೇಲಿನದನ್ನು ನೋಡಿದೆ. ಅದು ಗಟ್ಟಿಯಾಗಿತ್ತು. ಗೋಡೆ ನಿಜವಾಗಿ ಅಲ್ಲಾಡಿದ್ದರೆ ಎರಡೂ ಒಡೆಯಬೇಕಿತ್ತಲ್ಲ, ಬಹುಶಃ ನನ್ನ ಬಕೆಟ್ಟೇ ತಾಗಿರಬೇಕು ಎಂದುಕೊಂಡೆ. ಅದನ್ನು ಹತ್ತು ಸಲ ಹೇಳಿಕೊಂಡೆ. ಆಮೇಲೆ ಮುಂದಿನ ಕೋಣೆಗೆ ಹೋದೆ.

ಅಪ್ಪ ಫೋಟೋಗೆ ಚೌಕಟ್ಟು ಹಾಕುತ್ತಿದ್ದವರು. ಅಂಗಡಿ ಮುಚ್ಚಿದರೂ ಗಾಜು ಕೊಯ್ಯುವ ಕಟ್ಟರು, ಮಸೆಗಲ್ಲು, ಪ್ಲಾಸ್ಟರಿನ ಡಬ್ಬ ಎಲ್ಲವೂ ಮುಂದಿನ ಕೋಣೆಯ ಮೇಜಿನ ಮೇಲೆ ಹಾಗೇ ಇವೆ. ಹತ್ತು ವರ್ಷ ಅವರ ಪಕ್ಕ ಕೂತು ಕಲಿತ ಕೈ ನನ್ನದು. ಪಟ್ಟಿ ಕೊಯ್ದೆ, ಪ್ಲಾಸ್ಟರ್ ಕಲಸಿದೆ, ಒಡೆದದ್ದನ್ನು ಕಿತ್ತು ಹೊಸದನ್ನು ಕೂರಿಸಿದೆ, ಅವರ ಅಕ್ಷರ ನೋಡಿಕೊಂಡು ಹಳೆಯ ತಾರೀಖು ಬರೆದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಪ್ಪ ಔಷಧಿಯ ನಿದ್ದೆಯಲ್ಲಿದ್ದರು.

ಅವತ್ತಿನಿಂದ ಆ ಗೋಡೆಯ ಕಡೆ ತಲೆ ಎತ್ತಿಲ್ಲ. ದಿನಕ್ಕೆ ನಾಲ್ಕು ಬೆರಳಿನಷ್ಟು ಮಂಚವನ್ನು ಈಚೆ ಎಳೆಯುತ್ತಾ ಬಂದೆ. ಬಕೆಟ್ ತಾಗಿ ಒಡೆದದ್ದು ಎಂದು ನಾನೇ ನಂಬಿದ್ದರೆ ಯಾಕೆ ಎಳೆಯುತ್ತಿದ್ದೆ?

ಗೋಡೆ ಡಾಕ್ಟರ್ ಖಾಲಿ ಲೋಟ ಕೆಳಗಿಟ್ಟರು. "ನಿಮ್ಮಣ್ಣನ್ನ ಕರಿ. ಪಕ್ಕದ ಮನೆ ಅಮ್ಮನನ್ನೂ ಕರಿ. ಎಲ್ಲರ ಎದುರಿಗೂ ಒಂದು ಮಾತು ಕೇಳೋದಿದೆ."

"ಗಾಜು ಏನಾದ್ರೂ..." ಎಂದರು ಅಪ್ಪ.

"ನೀವು ಎದ್ದು ನಿಧಾನಕ್ಕೆ ಬನ್ನಿ. ಅಲ್ಲೇ ಹೇಳ್ತೀನಿ," ಎಂದು ಅವರು ಮುಂದಿನ ಕೋಣೆಗೆ ನಡೆದರು. ಅವರ ಅಂಗಿಯ ಜೇಬಿನಲ್ಲಿ ಕರವಸ್ತ್ರ ಸುತ್ತಿದ ಏನೋ ಒಂದು ಉದ್ದಕ್ಕೆ ನಿಂತಿತ್ತು. ಬೆರಳಗಲ.

ನಾನು ಟೀ ಮಾಡುತ್ತಿದ್ದಾಗ ಅವರು ಅದನ್ನು ಗೋಡೆಯಿಂದ ಕಿತ್ತಿದ್ದರು.

ಅಪ್ಪನನ್ನು ಎಬ್ಬಿಸಲು ಕೈ ಕೊಟ್ಟೆ. ಅವರು ನನ್ನ ಕಿವಿಯ ಹತ್ತಿರ ಬಂದರು.

"ಹೆದರಬೇಡ. ನಾನು ಯಾರಿಗೂ ಹೇಳಲ್ಲ."

"ಏನನ್ನ ಅಪ್ಪ?"

"ಮಸೆಗಲ್ಲಿನ ಸದ್ದು. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಸೋಮವಾರ ಒಂದು ಸಲ, ಮಂಗಳವಾರ ಒಂದು ಸಲ. ನಮ್ಮ ಕೆಲಸದ ಸದ್ದು ನನಗೆ ಗೊತ್ತಾಗಲ್ವಾ?"

ಐದು ದಿನದಿಂದ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಗೋಡೆಯ ಪಕ್ಕವೇ ಮಲಗಿದ್ದರು, ನನ್ನ ಮರ್ಯಾದೆ ಕಾಯಲು.

ಸೋಮವಾರ ಎಂದಿದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸೋಮವಾರ ಬೆಳಗಿನಿಂದ ಸಂಜೆಯವರೆಗೆ ನಾನು ಲಾಂಡ್ರಿಯಲ್ಲಿ ಹೋಟೆಲಿನ ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಔಷಧಿಯ ಮಂಪರಿನಲ್ಲಿ ದಿನ ಅದಲುಬದಲಾಗಿರಬೇಕು.

*

ಮುಂದಿನ ಕೋಣೆಯ ಗೋಡೆ ತುಂಬ ಜನ. ಚೌಕಟ್ಟು ಹಾಕಲು ಕೊಟ್ಟು ವಾಪಸ್ ಬರದವರ ಫೋಟೋಗಳು. ಮದುವೆ ಜೋಡಿಗಳು, ಪದವಿ ಟೋಪಿಯ ಹುಡುಗಿ, ದೋಣಿಯಲ್ಲಿ ಕೂತ ದಪ್ಪ ಮನುಷ್ಯ. "ನಮ್ಮ ನೆಂಟರು. ಊಟ ಕೇಳಲ್ಲ, ಅದೊಂದು ಪುಣ್ಯ," ಎನ್ನುತ್ತಾನೆ ಅಣ್ಣ. ಪಕ್ಕದಲ್ಲಿ ಮೆಷಿನ್ ತಿರುಗುವಾಗ ಇವರೆಲ್ಲ ಸಣ್ಣಗೆ ನಡುಗಿ ಓರೆಯಾಗುತ್ತಾರೆ. ದಿನಾ ಸಂಜೆ ನಾನು ನೆಟ್ಟಗೆ ಮಾಡುತ್ತೇನೆ. ಇವತ್ತು ಭಾನುವಾರ, ಮೆಷಿನ್ ಇಲ್ಲ. ಎಲ್ಲರೂ ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತಿದ್ದರು.

ದೊಡ್ಡಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಅಪ್ಪನಿಗಿಂತ ಮೂರು ವರ್ಷ ದೊಡ್ಡವರು, ಅಣ್ಣನಷ್ಟೇ ಎತ್ತರ. "ಏನಪ್ಪಾ, ಕಣ್ಣು ಹೇಗಿದೆ?" ಎಂದು ಅಪ್ಪನ ಭುಜ ಮುಟ್ಟಿ ಪಕ್ಕದಲ್ಲೇ ಕೂತರು. ಜಗಳದ ನಡುವೆಯೂ ದಿನಾ ಮಧ್ಯಾಹ್ನಕ್ಕೆ ಮೊದಲು ಬಂದು ಅಪ್ಪನಿಗೆ ಪೇಪರ್ ಓದಿ ಹೋಗುವುದನ್ನು ಅವರು ತಪ್ಪಿಸಿರಲಿಲ್ಲ.

ಅಣ್ಣ ನಿಂತೇ ಇದ್ದ. "ಗೋಡೆ ನಾಡಿ ಹಿಡಿದು ನೋಡಿದ್ರಲ್ಲ ಸಾರ್. ಏನಂತೆ? ಬದುಕುತ್ತಾ?"

ಗೋಡೆ ಡಾಕ್ಟರ್ ಕರವಸ್ತ್ರ ಬಿಚ್ಚಿ ಗಾಜಿನ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಅದರ ತುದಿಗಳಲ್ಲಿ ಪ್ಲಾಸ್ಟರ್ ಇನ್ನೂ ಅಂಟಿತ್ತು.

"ಇದು ನಾನು ಹಾಕಿದ ಗಾಜಲ್ಲ. ನಾನು ಹಾಕಿದ್ದನ್ನ ಯಾರೋ ತೆಗೆದಿದಾರೆ. ಸುಮ್ಮನೆ ಯಾರೂ ತೆಗೆಯಲ್ಲ. ಒಡೆದಿತ್ತು, ಅದಕ್ಕೆ ತೆಗೆದ್ರು."

ಅಣ್ಣ ನಿಧಾನವಾಗಿ ದೊಡ್ಡಮ್ಮನ ಕಡೆ ತಿರುಗಿದ.

"ಪೇಪರ್ ಓದೋಕೆ ಬರ್ತಿದ್ರಲ್ಲ ದೊಡ್ಡಮ್ಮ. ಎಲ್ಲಾ ಪುಟ ಓದಿ ಆಯ್ತಾ?"

"ನಾಲಿಗೆ ಬಿಗಿ ಹಿಡಿ," ಎಂದರು ದೊಡ್ಡಮ್ಮ.

"ನಾನ್ಯಾಕೆ ಹಿಡೀಲಿ? ಗಾಜು ಒಡೆದ್ರೆ ಯಾರ ತೊಟ್ಟಿ ಮುಚ್ಚಬೇಕು? ನಮ್ಮದಾ? ಅಪ್ಪನಿಗೆ ಕಣ್ಣು ಕಾಣಲ್ಲ, ಮನೇಲಿ ಬೇರೆ ಯಾರಿರಲ್ಲ. ಇನ್ನೇನು ಬೇಕು?"

"ಸಾಕು ಸುಮ್ನಿರೋ," ಎಂದರು ಅಪ್ಪ.

"ನೀವು ಸುಮ್ನಿದ್ದು ಸುಮ್ನಿದ್ದೇ ಅವರು ಗೋಡೆ ತನಕ ಅಗೆದಿದ್ದು ಅಪ್ಪ."

"ಒಂದು ನಿಮಿಷ," ಎಂದು ಗೋಡೆ ಡಾಕ್ಟರ್ ಕೈ ಎತ್ತಿದರು. "ಶುಕ್ರವಾರ ಮನೆ ನೋಡೋಕೆ ಒಬ್ಬರು ಬಂದಿದ್ರಂತೆ. ಅಳತೆ ಟೇಪ್ ಹಿಡ್ಕೊಂಡು. ಬೀದಿಯವರು ಹೇಳಿದ್ರು. ಯಾರು ಕರೆಸಿದ್ದು?"

ಅಣ್ಣ ಅಪ್ಪನ ಕಡೆ ನೋಡಿದ.

"ಕುಸಿಯೋ ಗೋಡೆ ಇರೋ ಮನೇನ ಯಾರು ಕೊಂಡ್ಕೊಳ್ತಾರೆ? ಗಾಜು ಉಳಿದ್ರೆ ನಿಮಗೂ ಒಳ್ಳೇದೇ ಅಲ್ವಾ?"

ಅಪ್ಪ ತಲೆ ಎತ್ತಿದರು. "ಮನೆ ಮಾರ್ತಿದೀಯಾ?"

"ಕೇಳಿ ನೋಡಿದೆ ಅಷ್ಟೇ. ಮಾರ್ತೀನಿ ಅಂತ ಅಂದಿಲ್ಲ." ಅಣ್ಣ ಎಡ ಅಂಗೈ ಬಿಚ್ಚಿ ತೋರಿಸಿದ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹಳೆಯ ಹೊಲಿಗೆಯ ಗುರುತು. "ಹತ್ತು ವರ್ಷದವನಿದ್ದಾಗ ಗಾಜು ಕೊಯ್ದಿದ್ದು. ಅಲ್ಲಿಂದ ಮುಟ್ಟಿಲ್ಲ. ಕಿಟಕಿ ಒರೆಸು ಅಂದ್ರೂ ಇವಳನ್ನೇ ಕಳಿಸ್ತೀನಿ. ಬೇಕಿದ್ರೆ ಕೇಳಿ."

"ಕೇಳೋ ಅಗತ್ಯ ಇಲ್ಲ. ಗಾಜೇ ಹೇಳುತ್ತೆ," ಎಂದರು ಗೋಡೆ ಡಾಕ್ಟರ್. "ಇದನ್ನ ಮುಟ್ಟಿ ನೋಡಿ. ಅಂಚು."

ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಅವರೇ ಅಂಚಿನ ಮೇಲೆ ಬೆರಳು ಎಳೆದರು.

"ನಾನು ಪಟ್ಟಿ ಕೊಯ್ದ ಹಾಗೇ ಹಾಕ್ತೀನಿ. ಒರಟು ಅಂಚು ಪ್ಲಾಸ್ಟರನ್ನ ಕಚ್ಚಿಕೊಳ್ಳುತ್ತೆ. ಇದರ ಅಂಚು ನೋಡಿ, ಸೋಪಿನ ಹಾಗೆ ಜಾರುತ್ತೆ. ಯಾರೋ ಕೂತು ಮಸೆದಿದಾರೆ. ಗೋಡೆಗೆ ಮೆತ್ತಿ ಮೂರು ದಿನ ಮೋಸ ಮಾಡೋ ಗಾಜಿಗೆ ಅಂಚು ಮಸೆಯೋ ಕೆಲಸ ಯಾರಿಗೆ ಬೇಕು?"

ನಾನು ಕಣ್ಣು ಮುಚ್ಚಿದೆ.

"ಕೈಗೆ ಅಭ್ಯಾಸ ಆಗಿರೋರಿಗೆ," ಎಂದು ಅವರೇ ಉತ್ತರಿಸಿದರು. "ಲಾಂಡ್ರಿ ನಡೆಸೋರ ಕೈಗೆ ಆ ಅಭ್ಯಾಸ ಇರಲ್ಲ. ಅಮ್ಮ, ನಿಮ್ಮ ಮೇಲೆ ನನಗಿದ್ದ ಅನುಮಾನ ಅಲ್ಲಿಗೆ ಹೋಯ್ತು."

ಅಪ್ಪ ನನಗೆ ಮೊದಲು ಕಲಿಸಿದ್ದು ಗಾಜು ಕೊಯ್ಯುವುದನ್ನಲ್ಲ, ಮಸೆಯುವುದನ್ನು. ಕೊಯ್ದ ಗಾಜು ಚೌಕಟ್ಟಿನೊಳಗೆ ಅಡಗಿದರೂ ಸರಿ, ಯಾರೂ ಮುಟ್ಟದಿದ್ದರೂ ಸರಿ, ಒರಟು ಅಂಚಿನ ಗಾಜನ್ನು ಕೈಯಿಂದ ಕೆಳಗಿಡಬಾರದು. ಅಣ್ಣನ ಕೈ ಸೀಳಿದ ಮೇಲೆ ಅವರು ಮಾಡಿಕೊಂಡ ನಿಯಮ. ಮಸೆದ ಮೇಲೆ ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಒಮ್ಮೆ ಎಳೆದು ಕಿವಿಯ ಹತ್ತಿರ ತರಬೇಕು. "ಕಣ್ಣಿಗೆ ಕಾಣದ ತರಿ ಕಿವಿಗೆ ಕೇಳುತ್ತೆ," ಎನ್ನುತ್ತಿದ್ದರು. ಬೇರೆ ಚೌಕಟ್ಟಿನವರು ಯಾರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ಮಂಗಳವಾರ, ಅಷ್ಟು ಅವಸರದಲ್ಲೂ ನಾನು ಅದನ್ನೇ ಮಾಡಿದ್ದೆ. ಕಳ್ಳತನವನ್ನೂ ಒಪ್ಪವಾಗಿ ಮಾಡಿದ್ದೆ.

"ಹಾಗಾದ್ರೆ ಈ ಮನೆಯವರೇ," ಎಂದರು ಗೋಡೆ ಡಾಕ್ಟರ್. "ಮೂವರಲ್ಲಿ ಒಬ್ಬರು."

"ನಾನು," ಎಂದರು ಅಪ್ಪ.

ಎಲ್ಲರೂ ಅವರ ಕಡೆ ತಿರುಗಿದರು.

"ನಾನೇ ಬದಲಾಯಿಸಿದೆ. ಬರ್ಕೊಳಿ. ಮನೆ ಬಿಡಿ ಅಂತಾರೇನೋ ಅಂತ ಭಯ ಆಯ್ತು. ಬದಲಾಯಿಸಿದೆ."

"ತಾರೀಖು ಯಾರು ಬರೆದಿದ್ದು?"

"ನಾನೇ."

"ಹೇಳಿ ನೋಡೋಣ, ನನ್ನ ಕೈಯಲ್ಲಿ ಈಗ ಎಷ್ಟು ಬೆರಳಿದೆ?"

ಅಪ್ಪ ಬ್ಯಾಂಡೇಜಿನ ಮುಖವನ್ನು ಮುಂದಕ್ಕೆ ಚಾಚಿದರು. ಗೋಡೆ ಡಾಕ್ಟರ್ ಕೈ ಎತ್ತಿರಲೇ ಇಲ್ಲ.

ಅಪ್ಪನ ಕೊರಳ ನರ ಎದ್ದು ಕಾಣುತ್ತಿತ್ತು. ಅವರು ಸುಳ್ಳು ಹೇಳುವಾಗ ಅದು ಎದ್ದೇಳುತ್ತದೆ. ಗಿರಾಕಿಗೆ ನಾಳೆ ಕೊಡುತ್ತೇನೆ ಎನ್ನುವಾಗ ಎದ್ದೇಳುತ್ತಿತ್ತು. ಅದಕ್ಕಿಂತ ದೊಡ್ಡ ಸುಳ್ಳನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಅದನ್ನೂ ನಾನೇ ಹೇಳಿಸಿದ್ದೆ.

"ನಾನು ಸಾರ್," ಎಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು.

"ನಾನು ಬದಲಾಯಿಸಿದ್ದು. ಮಂಗಳವಾರ. ಲಾಂಡ್ರಿ ನಿಂತು ಹೋಗುತ್ತೆ ಅಂತ. ಮಂಚ ಎಳೆದಿದ್ದೂ ನಾನೇ. ಅಪ್ಪನ ಮೇಲೆ ಏನಾದ್ರೂ ಬೀಳುತ್ತೇನೋ ಅಂತ."

ಅಣ್ಣ ಕುರ್ಚಿಯನ್ನು ಸದ್ದಾಗುವಂತೆ ಪಕ್ಕಕ್ಕೆ ಸರಿಸಿದ. "ಗೊತ್ತಿದ್ದೂ ಅಲ್ಲೇ ಮಲಗಿಸಿದ್ಯಾ? ನಾಲ್ಕು ಬೆರಳು ಎಳೆದ್ರೆ ಆಯ್ತಾ? ಎಷ್ಟು ಬೆರಳಿಗೆ ಎಷ್ಟು ಇಟ್ಟಿಗೆ ಅಂತ ಲೆಕ್ಕ ಹಾಕಿದ್ಯಾ? ಮಾತಾಡೇ ಮೌನಿ."

ಅವನು ಕಿರುಚಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಕೇಳಿದ.

ದೊಡ್ಡಮ್ಮ ಎದ್ದು ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಸೋಪಿನಪುಡಿ, ಬಿಸಿ ಬಟ್ಟೆಯ ವಾಸನೆ. "ನನಗೋಸ್ಕರ ಇಂಥ ಕೆಲಸ ಮಾಡ್ಕೊಂಡ್ಯಾ ಪುಟ್ಟಕ್ಕ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ನಾನು ಅಲ್ಲೇ ಅತ್ತೆ.

ಗೋಡೆ ಡಾಕ್ಟರ್ ಮಾತ್ರ ಅಲುಗಾಡದೆ ಕೂತಿದ್ದರು. ಅವರ ಹುಬ್ಬು ಗಂಟಾಗಿತ್ತು.

"ಇದನ್ನ ಹಾಕುವಾಗ ಏನು ಹತ್ತಿ ನಿಂತಿದ್ದೆ?"

"ಹತ್ತಲಿಲ್ಲ ಸಾರ್. ಕೂತುಕೊಂಡೇ ಹಾಕಿದೆ."

"ಕೂತುಕೊಂಡು?"

"ಹೌದು. ಮಂಚದ ಹಿಂದೆ. ಕೆಳಗಿನ ಪಟ್ಟಿ."

ಅವರು ಮೇಜಿನ ಮೇಲಿನ ಗಾಜನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಮೇಲಿನದು," ಎಂದರು. "ನಿಮ್ಮಪ್ಪ ಮಲಗಿದ್ರು ಅಂತ ಕೆಳಗಿನದನ್ನ ನಾನಿನ್ನೂ ನೋಡೇ ಇಲ್ಲ."

*

ಅಣ್ಣ ಮತ್ತು ಅವರು ಹಿಂದಿನ ಕೋಣೆಗೆ ಓಡಿದಂತೆ ಹೋದರು. ಮಂಚ ಎಳೆದ ಸದ್ದು ಕೇಳಿಸಿತು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತು, ಐದು ದಿನದ ನಂತರ ಮೊದಲ ಸಲ ಆ ಗೋಡೆ ನೋಡಿದೆ.

ನಾನು ಮಂಗಳವಾರ ಕೂರಿಸಿದ್ದ ಗಾಜು ಎರಡು ತುಂಡಾಗಿತ್ತು. ತುಂಡುಗಳ ನಡುವೆ ಅಕ್ಕಿಕಾಳು ಹೋಗುವಷ್ಟು ಜಾಗವಿತ್ತು.

ಬಕೆಟ್ ಅಲ್ಲ. ಯಾವತ್ತೂ ಬಕೆಟ್ ಆಗಿರಲಿಲ್ಲ.

ಗೋಡೆ ಡಾಕ್ಟರ್ ಗೋಡೆಗೆ ಕಿವಿ ಕೊಟ್ಟರು, ಮೇಲೆ ಒಂದು ಕಡೆ, ಕೆಳಗೆ ಎರಡು ಕಡೆ ತಟ್ಟಿದರು. ತಿರುಗಿದಾಗ ಅವರ ಮುಖದಲ್ಲಿ ಸುಣ್ಣದ ಪುಡಿ ಇತ್ತು.

"ಈ ಕೋಣೆ ಈಗಲೇ ಖಾಲಿ ಮಾಡಿ. ನಾಳೆ ಮೆಷಿನ್ ಹಾಕೋ ಹಾಗಿಲ್ಲ. ತೊಟ್ಟಿ ನೀರು ಇವತ್ತೇ ಹೊರಗೆ ಹೋಗಬೇಕು. ನಾನು ಆಳು ಕಳಿಸ್ತೀನಿ." ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನೀನು ಕೆಳಗಿನದನ್ನ ಬದಲಾಯಿಸಿದಾಗ ಮೇಲಿನದು ಹೇಗಿತ್ತು?"

"ಚೆನ್ನಾಗಿತ್ತು ಸಾರ್. ಅದನ್ನ ನೋಡಿಯೇ..."

"ಅಂದ್ರೆ ಅಷ್ಟರಲ್ಲಾಗಲೇ ಯಾರೋ ಬದಲಾಯಿಸಿ ಆಗಿತ್ತು. ನಿನಗಿಂತ ಒಂದು ದಿನ ಮೊದಲು, ಎರಡು ದಿನ ಮೊದಲು."

ಸೋಮವಾರ ಒಂದು ಸಲ, ಮಂಗಳವಾರ ಒಂದು ಸಲ.

ಅಪ್ಪನಿಗೆ ದಿನ ತಪ್ಪಿರಲಿಲ್ಲ.

ನಾನು ಅಪ್ಪನ ದಿಂಬು, ಔಷಧಿಯ ಡಬ್ಬಿ ಎತ್ತಿಕೊಂಡು ಹೊರಬಂದೆ. ಮುಂದಿನ ಕೋಣೆಯಲ್ಲಿ ಅಪ್ಪ, ದೊಡ್ಡಮ್ಮ ಇಬ್ಬರೇ ಇದ್ದರು. ದೊಡ್ಡಮ್ಮ ನನಗೆ ಬೆನ್ನು ಮಾಡಿ ಮೇಜಿನ ಮುಂದೆ ನಿಂತಿದ್ದರು.

"ನಮ್ಮನೆಗೆ ಬಾಪ್ಪ," ಎನ್ನುತ್ತಿದ್ದರು ಅಪ್ಪನಿಗೆ. "ಮಹಡಿ ಕೋಣೆ ಖಾಲಿ ಇದೆ. ಗೋಡೆ ನನ್ನಿಂದ ಹೋಯ್ತು ಅಂದ್ರೆ ಕಟ್ಟಿಸಿಕೊಡ್ತೀನಿ. ಅಲ್ಲಿ ತನಕ ಅಲ್ಲೇ ಇರು."

"ನಿನ್ನ ಲಾಂಡ್ರಿ ಗತಿ ಏನಕ್ಕಾ?"

"ಲಾಂಡ್ರಿ ಹಾಳಾಗಲಿ. ಎದ್ದೇಳು."

ಹೇಳುತ್ತಲೇ ಅವರು ಮೇಜಿನ ಮೇಲಿದ್ದ ಗಾಜನ್ನು ಎತ್ತಿಕೊಂಡರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ಯಾರೂ ತೆಗೆದುಕೊಂಡು ಹೋಗದ ಮದುವೆ ಫೋಟೋದ ಗಾಜಿನಲ್ಲಿ, ಮದುಮಗಳ ಸೀರೆಯ ಮೇಲೆ, ಅವರ ಕೈ ಕಾಣುತ್ತಿತ್ತು.

ಅವರು ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಒಮ್ಮೆ ಎಳೆದರು. ಆಮೇಲೆ ಕಿವಿಯ ಹತ್ತಿರ ತಂದರು.

ಯೋಚಿಸಿ ಮಾಡಿದ್ದಲ್ಲ. ನಾವು ಅಂಗಿಯ ಗುಂಡಿ ಹಾಕುತ್ತೇವಲ್ಲ, ಹಾಗೆ. ಅಪ್ಪನ ಪಕ್ಕ ಕೂತು ಕಲಿತ ಇನ್ನೊಂದು ಕೈ. ಗಾಜನ್ನು ಮೊದಲಿದ್ದಲ್ಲೇ ಇಟ್ಟು ಅಪ್ಪನ ಕೈ ಹಿಡಿದು ಎಬ್ಬಿಸಿದರು.

ಸೋಮವಾರ ಪೇಪರ್ ಓದಿ ಲಾಂಡ್ರಿಗೆ ಬಂದವರು ಕೈಯನ್ನು ಎರಡು ಸಲ ತೊಳೆದದ್ದು ನೆನಪಾಯಿತು. ಉಗುರಿನ ಸಂದಿಯಲ್ಲಿ ಬಿಳಿ ಇತ್ತು. ಸೋಪಿನಪುಡಿ ಎಂದುಕೊಂಡಿದ್ದೆ. ಈಗಷ್ಟೇ ಅದೇ ಕೈ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಿತ್ತು. ಒಂದು ಮಾತು ಕೇಳಬಾರದಿತ್ತಾ ಎಂದಿದ್ದರು.

ಗೋಡೆ ಡಾಕ್ಟರ್ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದರು, ಹಿಂದೆಯೇ ಅಣ್ಣ. ಪುಸ್ತಕ ತೆರೆದು ಪೆನ್ಸಿಲ್ ತೆಗೆದರು.

"ಕೊನೇ ಪ್ರಶ್ನೆ ಮಗು. ಮೇಲಿನ ಗಾಜು ಮಸೆದ ಕೈ ಬೇರೆ ಯಾವುದೋ ಇದೆ. ನಿನ್ನನ್ನ ಬಿಟ್ಟು ನಿಮ್ಮಪ್ಪ ಈ ಕೆಲಸ ಇನ್ಯಾರಿಗಾದ್ರೂ ಕಲಿಸಿದ್ರಾ?"

ದೊಡ್ಡಮ್ಮ ಅಪ್ಪನನ್ನು ನಡೆಸಿಕೊಂಡು ಹೊಸ್ತಿಲ ಹತ್ತಿರ ಹೋಗಿದ್ದರು. ತಿರುಗಿ ನೋಡಲಿಲ್ಲ. ಆದರೆ ಅವರ ಹೆಜ್ಜೆ ನಿಂತಿತು. ಆ ಬೆನ್ನು ನನ್ನ ಉತ್ತರಕ್ಕೆ ಕಾಯುತ್ತಿರುವುದು ಕಾಣುತ್ತಿತ್ತು.

ಕಾಲರಿನಿಂದ ಶುರು ಮಾಡು, ತೋಳಿಗೆ ಬಾ, ಬೆನ್ನು ಕೊನೆಗೆ.

ಸತ್ಯ ಹೇಳಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಒಣಗಿಯೂ ಇರಲಿಲ್ಲ.

"ಇಲ್ಲ ಸಾರ್," ಎಂದೆ. "ಯಾರಿಗೂ ಕಲಿಸಿಲ್ಲ."

ಪೆನ್ಸಿಲ್ ಕಾಗದದ ಮೇಲೆ ಓಡಿತು.

ಹೊಸ್ತಿಲಲ್ಲಿ ಅಪ್ಪ ಬ್ಯಾಂಡೇಜಿನ ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿದರು. ಹಾಗೇ ಸ್ವಲ್ಪ ಹೊತ್ತು ನಿಂತರು, ದೂರದ ಸದ್ದೊಂದನ್ನು ಕೇಳಿಸಿಕೊಳ್ಳುತ್ತಿರುವವರಂತೆ. ಆಮೇಲೆ ಬಹಳ ನಿಧಾನವಾಗಿ, ಒಂದೊಂದೇ ಬೆರಳಾಗಿ, ದೊಡ್ಡಮ್ಮನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು.